ಪ್ರತಿಕ್ರಿಯೆ: ಮೇಲ್‌ಮ್ಯಾನ್ 3 ಪಟ್ಟಿಗೆ ಕಳಿಸಿದ ಮೇಲ್ 'ಯೂಸರ್ ಅನ್‌ನೋನ್' ಎಂದು ವಾಪಸ್

ನಿಮ್ಮ ಮೇಲ್‌ಮ್ಯಾನ್ 3 (ಮೇಲಿಂಗ್ ಪಟ್ಟಿ ನಡೆಸುವ ತಂತ್ರಾಂಶ) ಸರಿಯಾಗಿಯೇ ಇದೆ ಅನಿಸುತ್ತದೆ. ಪಟ್ಟಿ ತಯಾರಾಗಿದೆ, ಸದಸ್ಯರೂ ಸೇರಿದ್ದಾರೆ. ಆದರೂ ಮೇಲ್ 'ಲೋಕಲ್ ರೆಸಿಪಿಯೆಂಟ್ ಟೇಬಲ್‌ನಲ್ಲಿ ಈ ಯೂಸರ್ ಇಲ್ಲ' ಎಂದು ವಾಪಸ್ ಬರುತ್ತಿದೆ ಅಂದ್ರೆ ತಡೆಯುತ್ತಿರುವುದು ಪೋಸ್ಟ್‌ಫಿಕ್ಸ್, ಅಂದರೆ ಸರ್ವರ್‌ಗೆ ಬರುವ ಮೇಲ್ ಸ್ವೀಕರಿಸಿ ಹಂಚುವ ತಂತ್ರಾಂಶ.

ಮೇಲ್‌ಮ್ಯಾನ್‌ನ ಡೇಟಾ ಫೋಲ್ಡರ್‌ನಲ್ಲಿ 'ಪೋಸ್ಟ್‌ಫಿಕ್ಸ್ ಎಲ್‌ಎಂಟಿಪಿ' (postfix_lmtp) ಎಂಬ ಫೈಲ್ ಇರುತ್ತದೆ; ಎಲ್‌ಎಂಟಿಪಿ ಅಂದ್ರೆ ಪೋಸ್ಟ್‌ಫಿಕ್ಸ್ ಮೇಲನ್ನು ಮೇಲ್‌ಮ್ಯಾನ್‌ಗೆ ಒಪ್ಪಿಸುವ ವಿಧಾನ. ಅದನ್ನು ಪೋಸ್ಟ್‌ಫಿಕ್ಸ್ ಸೆಟ್ಟಿಂಗ್‌ಗಳಾದ ಟ್ರಾನ್ಸ್‌ಪೋರ್ಟ್ ಮ್ಯಾಪ್ಸ್ (ಮೇಲ್ ಯಾವ ದಾರಿಯಲ್ಲಿ ಹೋಗಬೇಕು), ಲೋಕಲ್ ರೆಸಿಪಿಯೆಂಟ್ ಮ್ಯಾಪ್ಸ್ (ಯಾವ ವಿಳಾಸಗಳು ಇವೆ) ಎರಡರಲ್ಲೂ ಸೇರಿಸಿ. ಎರಡನೆಯದರಲ್ಲಿ ಹಳೆಯ ಮೌಲ್ಯಗಳನ್ನು ಅಳಿಸಲೇಬೇಡಿ, ಅಳಿಸಿದರೆ ಮಾಮೂಲಿ ಬಳಕೆದಾರರ ಮೇಲ್ ಕೂಡ ನಿಲ್ಲುತ್ತದೆ. ಸುಮ್ನೆ ಖಾಲಿ ಬಿಡುವುದು ಇನ್ನೂ ಕೆಟ್ಟದ್ದು: ಇಲ್ಲದ ವಿಳಾಸಗಳಿಗೂ ಮೇಲ್ ಒಳಗೆ ಬರುತ್ತದೆ.

ಆಮೇಲೆ ಆ ಫೈಲನ್ನು ಹೊಸದಾಗಿ ಬರೆಯುವ 'ಮೇಲ್‌ಮ್ಯಾನ್ ಅಲಿಯಾಸಸ್' ಆಜ್ಞೆ ಓಡಿಸಿ, ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಿ. ಆಜ್ಞೆಯನ್ನು ರೂಟ್ (ಸರ್ವರ್‌ನ ಮುಖ್ಯ ಖಾತೆ) ಆಗಿ ಅಲ್ಲ, ಮೇಲ್‌ಮ್ಯಾನ್‌ನ ಬಳಕೆದಾರನಾಗಿಯೇ ಓಡಿಸಿ. ಇಲ್ಲದಿದ್ದರೆ ಫೈಲ್ ರೂಟ್ ಹೆಸರಿಗೆ ಹೋಗಿ, ಮೇಲ್‌ಮ್ಯಾನ್‌ಗೆ ಅದನ್ನು ಬದಲಿಸಲಾಗದೆ, ಮುಂದಿನ ಪಟ್ಟಿಗೂ ಇದೇ ತೊಂದರೆ ಬರಬಹುದು.

ಎಲ್‌ಎಂಟಿಪಿ ಪೋರ್ಟ್ 8024 ತೆರೆದಿದೆಯಾ, ನೋಡಿ ಹೇಳಿ.