ಮೇಜು ಹೊರಗೆ, ತಾಯಿ ಒಳಗೆ

ಈ ಅಂಕಣಕ್ಕೆ ಪತ್ರದ ಜೊತೆ ಮನೆಯ ನಕ್ಷೆ ಬಂದದ್ದು ಇದೇ ಮೊದಲು. ಅದೂ ಮೂರು. ಸ್ಕೇಲ್ ಇಟ್ಟು ಗೆರೆ ಎಳೆದು, ಮಂಚ ಎಲ್ಲಿ, ಬೀರು ಎಲ್ಲಿ, ತೊಟ್ಟಿಲು ಎಲ್ಲಿ ಅಂತ ಗುರುತು ಮಾಡಿದ್ದಾರೆ. ಮನೆಯಲ್ಲಿ ಆರು ವಾರದ ಅವಳಿ ಮಕ್ಕಳು. ಇಷ್ಟು ನೀಟಾಗಿ ಗೆರೆ ಎಳೆಯೋಕೆ ಆ ತಾಯಿಗೆ ಪುರುಸೊತ್ತು ಎಲ್ಲಿ ಸಿಕ್ಕಿತೋ! ಪತ್ರ ಓದಿ ಮುಗಿಸಿದಾಗ ನನಗೆ ಸಿಟ್ಟು ಬಂತು. ಬರೆದವರ ಮೇಲಂತೂ ಅಲ್ಲ.

ವಿಷಯ ಇಷ್ಟು. ಒಂದು ಹೆಣ್ಣು, ಒಂದು ಗಂಡು. 35 ವಾರಕ್ಕೇ ಹುಟ್ಟಿದವು. ಹುಡುಗಿ 2.2 ಕೆಜಿ, ಹುಡುಗ 1.9 ಕೆಜಿ. ಈಗ ತೂಕ ಏರುತ್ತಿದೆ, ಡಾಕ್ಟರಿಗೂ ಸಮಾಧಾನ. ಜಗಳ ಇರೋದು ಎಲ್ಲಿ ಮಲಗಿಸೋದು ಅನ್ನೋದಕ್ಕೆ. ಒಂದೇ ತೊಟ್ಟಿಲಲ್ಲಿ ಮಲಗಿಸಿ, ಹೊಟ್ಟೆಯಲ್ಲಿ ಒಟ್ಟಿಗೆ ಇದ್ದವನ್ನು ಬೇರೆ ಮಾಡಬೇಡಿ ಅನ್ನೋದು ಅತ್ತೆಯ ಮಾತು. ಎರಡು ತೊಟ್ಟಿಲು ತಂದು ಪಕ್ಕದ ಕೋಣೆಯಲ್ಲಿ ಹಾಕೋಣ, ಮೊದಲಿಂದಲೇ ಅಭ್ಯಾಸ ಆಗಲಿ ಅನ್ನೋದು ಗಂಡನ ವಾದ. ಬರೆದವರಿಗೆ ಇಬ್ಬರನ್ನೂ ದೊಡ್ಡ ಮಂಚದ ಮೇಲೆ ಪಕ್ಕದಲ್ಲೇ ಹಾಕಿಕೊಳ್ಳುವ ಆಸೆ. ಇವರೆಲ್ಲರ ಮೇಲೆ ದೂರದ ಊರಿನಲ್ಲಿರುವ ನಾದಿನಿ. ದಿನಕ್ಕೊಂದು ವಿಡಿಯೊ ಕಳಿಸುತ್ತಾರೆ. ಜೊತೆಗೆ ಮಗುವನ್ನು ಓರೆಯಾಗಿ ಒರಗಿಸುವ, ತಾನಾಗಿ ತೂಗುವ ಎರಡು ಸೀಟುಗಳನ್ನೂ ಉಡುಗೊರೆ ಕೊಟ್ಟಿದ್ದಾರೆ. ಒಬ್ಬೊಬ್ಬರ ಮಾತಿಗೂ ಒಂದೊಂದು ನಕ್ಷೆ. ‘ಯಾವುದು ಸರಿ ಹೇಳಿ’ ಅಂತ ಪ್ರಶ್ನೆ.

ನನ್ನ ಕಣ್ಣು ನಿಂತದ್ದು ತೊಟ್ಟಿಲಿನ ಮೇಲಲ್ಲ. ಮೂರೂ ನಕ್ಷೆಗಳಲ್ಲಿ ಹಾಲ್‌ನ ಸೋಫಾ ಮೇಲೆ ಸಣ್ಣ ಅಕ್ಷರದಲ್ಲಿ ‘ರಾತ್ರಿ ನಾನು’ ಅಂತ ಬರೆದಿದೆ. ಪತ್ರವನ್ನು ಇನ್ನೊಮ್ಮೆ ಹುಡುಕಿದೆ. ಕೊನೇ ಪುಟದಲ್ಲಿ ಸಿಕ್ಕಿತು: ‘ಇವರು ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗಬೇಕು, ನಿದ್ದೆ ಕೆಡಬಾರದು ಅಂತ ಒಂದು ಗಂಟೆ ಮೇಲೆ ಎರಡನ್ನೂ ಹಾಲ್‌ಗೆ ತರ್ತೀನಿ. ಸೋಫಾದಲ್ಲಿ ಕೂತೇ ಹಾಲು ಕುಡಿಸ್ತೀನಿ. ಒಂದೆರಡು ಸಲ ಹಾಗೇ ಕಣ್ಣು ಹತ್ತಿದ್ದೂ ಇದೆ, ಅದು ಬಿಡಿ.’

ಬಿಡೋಕಾಗಲ್ಲ ತಾಯಿ. ನಿಮ್ಮ ಮನೆಯಲ್ಲಿ ಮಕ್ಕಳಿಗೆ ನಿಜವಾದ ಅಪಾಯ ಇರೋದು ಅಲ್ಲೇ.

ಎಳೆ ಮಗುವನ್ನು ಎದೆ ಮೇಲೆ ಇಟ್ಟುಕೊಂಡು ಸೋಫಾದಲ್ಲಿ ನಿದ್ದೆ ಹೋಗೋದು ಮಗುವಿಗೆ ಅತಿ ಅಪಾಯದ ನಿದ್ದೆ. ಮಕ್ಕಳ ತಜ್ಞರೆಲ್ಲ ಒಂದೇ ದನಿಯಲ್ಲಿ ಹೇಳುವ ಕೆಲವೇ ಮಾತುಗಳಲ್ಲಿ ಇದೊಂದು. ಆಗೋದು ಹೀಗೆ. ನಿಮ್ಮ ತೋಳು ಸಡಿಲವಾಗುತ್ತೆ. ಮಗು ಮೆಲ್ಲಗೆ ಜಾರುತ್ತೆ. ಸೋಫಾದ ಸೀಟಿಗೂ ಬೆನ್ನಿನ ದಿಂಬಿಗೂ ನಡುವೆ ಒಂದು ಸಂದಿ ಇರುತ್ತಲ್ಲ, ಅದರೊಳಗೆ ಮುಖ ಹೋಗುತ್ತೆ. ಇಲ್ಲವೇ ಗದ್ದ ಎದೆಗೆ ಒತ್ತಿಕೊಂಡು ಉಸಿರಿನ ದಾರಿ ಮಡಿಚಿಕೊಳ್ಳುತ್ತೆ. ಆ ವಯಸ್ಸಿನ ಮಗುವಿಗೆ ತಲೆ ಎತ್ತಿ ಪಕ್ಕಕ್ಕೆ ಹೊರಳಿಸುವ ಶಕ್ತಿ ಇಲ್ಲ. ಅಳೋದೂ ಇಲ್ಲ. ಸದ್ದಾಗಲ್ಲ, ಹಾಗಾಗಿ ನಿಮಗೆ ಎಚ್ಚರವೂ ಆಗಲ್ಲ. ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆ ಇರುವ ಮಕ್ಕಳಲ್ಲಿ ಈ ಅಪಾಯ ಇನ್ನೂ ಜಾಸ್ತಿ. ನಿಮ್ಮ ಎರಡೂ ಮಕ್ಕಳು ಆ ಲೆಕ್ಕಕ್ಕೇ ಸೇರುತ್ತವೆ. ಅದರ ಮೇಲೆ, ನಿದ್ದೆಯಲ್ಲೇ ಶಿಶು ತೀರಿಕೊಳ್ಳುವ ದುರ್ಘಟನೆಗಳು ಹೆಚ್ಚಾಗಿ ಆಗೋದು ಒಂದರಿಂದ ನಾಲ್ಕು ತಿಂಗಳ ನಡುವೆ. ನೀವು ಈಗ ಸರಿಯಾಗಿ ಆ ಅವಧಿಯೊಳಗೆ ಕಾಲಿಟ್ಟಿದ್ದೀರಿ.

ಹೆದರಿಸೋಕೆ ಹೇಳ್ತಿಲ್ಲ. ಕಣ್ಣು ಹತ್ತಿದ್ದು ನಿಮ್ಮ ತಪ್ಪೂ ಅಲ್ಲ. ರಾತ್ರಿ ಮೂರು ಗಂಟೆಗೆ ಎರಡು ಮಕ್ಕಳಿಗೆ ಸರದಿ ಮೇಲೆ ಹಾಲು ಕುಡಿಸುವ ಯಾರಿಗಾದರೂ ಕಣ್ಣು ಹತ್ತುತ್ತೆ. ನಿದ್ದೆ ಬರದ ಹಾಗೆ ಗಟ್ಟಿಯಾಗಿರಿ ಅಂತ ನಾನು ಹೇಳಲ್ಲ. ಹೇಳಿದರೂ ಆಗುವ ಮಾತಲ್ಲ ಅದು. ನಿದ್ದೆ ಬಂದೇ ಬರುತ್ತೆ ಅಂತ ಇಟ್ಟುಕೊಂಡು ಜಾಗ ಬದಲಿಸಬೇಕು.

ಈಗ ನಕ್ಷೆಗೆ ಬರೋಣ. ಮಲಗುವ ಕೋಣೆಯಲ್ಲಿ ಎರಡನೇ ತೊಟ್ಟಿಲಿಗೆ ಜಾಗ ಇಲ್ಲ ಅಂತ ಬರೆದಿದ್ದೀರಿ. ಕಿಟಕಿ ಪಕ್ಕದಲ್ಲಿ ಇಷ್ಟಗಲದ ಒಂದು ಚೌಕ ಇದೆಯಲ್ಲ, ‘ಇವರ ಮೇಜು’ ಅಂತ? ಒಂದು ನಕ್ಷೆಯಲ್ಲಿ ಬೀರು ಸರಿದಿದೆ. ಇನ್ನೊಂದರಲ್ಲಿ ಅತ್ತೆಯವರೇ ತಮ್ಮ ಕೋಣೆ ಬಿಟ್ಟು ಹಾಲ್‌ಗೆ ಬಂದಿದ್ದಾರೆ. ಮಂಚ ಗೋಡೆಗೆ ಅಂಟಿದೆ. ನೀವಂತೂ ಮೂರರಲ್ಲೂ ಮನೆಯ ಆಚೆ ತುದಿಯಲ್ಲಿದ್ದೀರಿ. ಮೇಜು ಮಾತ್ರ ಒಂದು ಇಂಚೂ ಅಲುಗಿಲ್ಲ.

ಹಾಗಾಗಿ ನನ್ನ ಸಲಹೆ ಒಂದೇ. ಮೇಜು ಹೊರಗೆ, ನೀವು ಒಳಗೆ. ಇವತ್ತೇ. ಮೇಜಿದ್ದ ಜಾಗದಲ್ಲಿ ಎರಡನೇ ತೊಟ್ಟಿಲು.

ಈ ಅಂಕಣದ ಹಳೇ ಓದುಗರಿಗೆ ನನ್ನ ಹಟ ಗೊತ್ತು. ರಾತ್ರಿ ಏಳದವರಿಗೆ ಮಗುವಿನ ನಿದ್ದೆ ಬಗ್ಗೆ ಓಟು ಹಾಕುವ ಹಕ್ಕಿಲ್ಲ. ಆ ಲೆಕ್ಕ ಹಿಡಿದರೆ ನಿಮ್ಮ ಮನೆಯಲ್ಲಿ ಯಾರಿಗೆ ಎಷ್ಟು ಓಟು? ನಾದಿನಿಗೆ ಸೊನ್ನೆ. ನಿಮ್ಮ ಗಂಡನಿಗೂ, ಸದ್ಯಕ್ಕೆ, ಸೊನ್ನೆ. ಅತ್ತೆಯವರ ಮೇಲೆ ಒಂದೂವರೆ ಪುಟ ದೂರು ಬರೆದಿದ್ದೀರಿ. ಆದರೆ ಅದೇ ಪುಟದ ಮೂಲೆಯಲ್ಲಿ ಒಂದು ಸಾಲಿದೆ: ಮಂಡಿ ನೋವಿದ್ದರೂ ದಿನಾ ಐದು ಗಂಟೆಗೆ ಎದ್ದು ಎರಡನ್ನೂ ಎತ್ತಿಕೊಳ್ತಾರೆ, ಆಗ ನೀವು ಏಳೂವರೆವರೆಗೆ ಮಲಗ್ತೀರಿ. ಹಾಗಾದರೆ ನಿಮಗೆ ಸಿಗುವ ಒಂದೇ ಗಟ್ಟಿ ನಿದ್ದೆ ಅವರು ಕೊಟ್ಟದ್ದು. ಅವರಿಗೆ ಅರ್ಧ ಓಟು. ದೂರನ್ನು ಅರ್ಧ ಪುಟಕ್ಕೆ ಇಳಿಸಿ.

ಓಟು ಸಿಕ್ಕಿತು ಅಂದ ಮಾತ್ರಕ್ಕೆ ತೊಟ್ಟಿಲಿನ ವಿಷಯದಲ್ಲಿ ಅವರು ಹೇಳಿದ್ದು ಸರಿ ಅಂತಲ್ಲ. ಹೊಟ್ಟೆಯಲ್ಲಿ ತಬ್ಬಿಕೊಂಡು ಮಲಗಿದ್ದವು ಅನ್ನೋದು ಕೇಳೋಕೆ ಚೆಂದ. ಆದರೆ ಒಂದು ಗಂಡು ಒಂದು ಹೆಣ್ಣು ಅಂದರೆ ಎರಡು ಬೇರೆ ಬೇರೆ ಅಂಡದಿಂದ ಬೆಳೆದವು. ಅಂಥ ಅವಳಿಗಳಲ್ಲಿ ಪ್ರತಿ ಮಗುವಿಗೂ ತನ್ನದೇ ನೀರಿನ ಚೀಲ, ತನ್ನದೇ ಮಾಸು. ನಡುವೆ ಪರದೆ. ಒದ್ದಾಟ ಏನೇ ನಡೆದಿದ್ದರೂ ಪರದೆಯ ಆಚೆ ಈಚೆಯಿಂದಲೇ. ಹುಟ್ಟೋ ಮೊದಲೇ ಇಬ್ಬರಿಗೂ ಬೇರೆ ಬೇರೆ ಕೋಣೆ ಇತ್ತು ಅಂತ ಅತ್ತೆಯವರಿಗೆ ಹೇಳಿ, ನಕ್ಕು ಒಪ್ಪಿಯಾರು. ಇನ್ನೂ ಒಂದು ಮಾತು. ಅಲ್ಲಿ ಅವು ಮೂಗಿನಿಂದ ಉಸಿರಾಡುತ್ತಿರಲಿಲ್ಲ. ಬೇಕಾದ ಆಮ್ಲಜನಕ ಹೊಕ್ಕುಳಬಳ್ಳಿಯಿಂದ ಬರುತ್ತಿತ್ತು. ಒಂದರ ಕೈ ಇನ್ನೊಂದರ ಮೂಗಿನ ಮೇಲೆ ಬಿದ್ದರೂ ಏನೂ ಆಗುತ್ತಿರಲಿಲ್ಲ. ಈಗ ಆಗುತ್ತೆ.

ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2022ರಲ್ಲಿ ತನ್ನ ಸಲಹೆಗಳನ್ನು ಪರಿಷ್ಕರಿಸಿತು. ಅದರ ಪ್ರಕಾರ ಅವಳಿ ಮಕ್ಕಳಿಗೂ ಬೇರೆ ಬೇರೆ ಹಾಸಿಗೆಯೇ ಆಗಬೇಕು, ಆದರೆ ತಂದೆ ತಾಯಿ ಮಲಗುವ ಕೋಣೆಯಲ್ಲೇ, ಕನಿಷ್ಠ ಆರು ತಿಂಗಳು. ಬ್ರಿಟನ್ನಿನಲ್ಲಿ ಸ್ವಲ್ಪ ಸಡಿಲ ಇದೆ. ಮಕ್ಕಳು ಹೊರಳುವ ಮೊದಲು, ದೊಡ್ಡ ತೊಟ್ಟಿಲಾಗಿದ್ದರೆ, ಇಬ್ಬರನ್ನೂ ಪಕ್ಕ ಪಕ್ಕ ಮಲಗಿಸಬಹುದು ಅಂತಾರೆ ಅಲ್ಲಿ. ಪುಟ್ಟ ಬುಟ್ಟಿಯಲ್ಲಿ ಇಬ್ಬರನ್ನು ತುರುಕಬೇಡಿ ಅಂತ ಅವರೂ ಹೇಳುತ್ತಾರೆ. ಅತ್ತೆಯವರ ಅರ್ಧ ಓಟು ಇಲ್ಲಿಗೆ ಲೆಕ್ಕಕ್ಕೆ ಬಂತು: ಎರಡನೇ ತೊಟ್ಟಿಲು ಮನೆಗೆ ಬರುವವರೆಗಿನ ಒಂದೆರಡು ರಾತ್ರಿ ಅಂಥ ದೊಡ್ಡ ತೊಟ್ಟಿಲಲ್ಲಿ ನಡೆಸಬಹುದು. ಆಮೇಲೆ ಬೇಡ. ಬೇಗ ಹುಟ್ಟಿದ ಮಕ್ಕಳ ವಿಷಯದಲ್ಲಿ ನಾನು ಬಿಗಿ ಕಡೆಗೇ ಇರ್ತೀನಿ.

ಈಗ ನಾದಿನಿ ಕಳಿಸಿದ ಆ ಫೋಟೊ. ಎಳೆ ಮಗುವೊಂದು ತನ್ನ ಅವಳಿಯ ಹೆಗಲ ಮೇಲೆ ಕೈ ಹಾಕಿ ಮಲಗಿರೋದು. ನೋಡದವರಿಲ್ಲ ಅದನ್ನು. ಅದು 1995ರದ್ದು, ಅಮೆರಿಕದ ಮಸಾಚುಸೆಟ್ಸ್‌ನ ಆಸ್ಪತ್ರೆಯೊಂದರದ್ದು. ಮಕ್ಕಳು ತುಂಬಾ ಬೇಗ ಹುಟ್ಟಿದ್ದವು. ಒಂದು ವಿಪರೀತ ಒದ್ದಾಡುತ್ತಿತ್ತು. ನರ್ಸ್ ಅದನ್ನು ಅಕ್ಕನ ಪಕ್ಕ ಮಲಗಿಸಿದರು, ಶಾಂತವಾಯಿತು. ಕಥೆ ನಿಜ. ಆದರೆ ಅದು ಶಿಶುಗಳ ತೀವ್ರ ನಿಗಾ ಘಟಕ. ಉಸಿರು, ಎದೆ ಬಡಿತ ಎಲ್ಲ ಅಳೆಯುವ ಯಂತ್ರಗಳಿರುವ ಜಾಗ. ಹಗಲೂ ರಾತ್ರಿ ಕಣ್ಣಿಟ್ಟು ನೋಡುವ ನರ್ಸ್‌ಗಳಿದ್ದರು. ನಿಮ್ಮ ಮನೆಯಲ್ಲಿ ರಾತ್ರಿ ಮೂರಕ್ಕೆ ಅಷ್ಟು ಎಚ್ಚರವಾಗಿರುವವರು ಯಾರಿದ್ದಾರೆ? ನಾದಿನಿಯವರು ಫೋಟೊ ಕಳಿಸಿ ಮಲಗ್ತಾರೆ. ಅವರ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಕೋಪ ಇದೆ ಅಂತ ಅನ್ನಿಸಿದರೆ, ಹೌದು, ಇದೆ. ನೋಡೋಕೆ ಚೆಂದ ಇರೋದನ್ನೆಲ್ಲ ಬಾಣಂತಿಯ ಫೋನಿಗೆ ತಳ್ಳುವವರನ್ನು ಕಂಡರೆ ನನಗಾಗಲ್ಲ.

ಅವರು ಕೊಟ್ಟ ಓರೆ ಸೀಟುಗಳನ್ನು ನಿದ್ದೆಗೆ ಬಳಸಬೇಡಿ. ಎಚ್ಚರವಿದ್ದಾಗ, ನೀವು ಎದುರಿಗೇ ಇದ್ದಾಗ, ಸ್ವಲ್ಪ ಹೊತ್ತು ಸಾಕು. ಓರೆಯಾಗಿ ಮಲಗಿಸಿದರೆ ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ಕೂರುತ್ತೆ. ಸೋಫಾದಲ್ಲಿ ಹೇಳಿದೆನಲ್ಲ, ಅದೇ ತೊಂದರೆ. ಶಿಶುಗಳ ನಿದ್ದೆಗಂತ ಮಾರುವ, 10 ಡಿಗ್ರಿಗಿಂತ ಹೆಚ್ಚು ಓರೆ ಇರುವ ಸಾಧನಗಳನ್ನು ಅಮೆರಿಕ 2022ರಲ್ಲಿ ಕಾನೂನು ಮಾಡಿ ನಿಷೇಧಿಸಿತು. ತೊಟ್ಟಿಲ ಸುತ್ತ ಕಟ್ಟುವ ಮೆತ್ತನೆ ಪಟ್ಟಿಗಳಿಗೂ ಅದೇ ಕಾನೂನಿನಲ್ಲಿ ನಿಷೇಧ ಬಂತು.

ದೊಡ್ಡ ಮಂಚದ ನಿಮ್ಮ ಆಸೆ ಬಗ್ಗೆ ಗದರಲ್ಲ. ಮಕ್ಕಳನ್ನು ಪಕ್ಕದಲ್ಲೇ ಇಟ್ಟುಕೊಳ್ಳಬೇಕು ಅನ್ನಿಸೋದು ಸಹಜ. ಈ ಮಕ್ಕಳ ತೂಕಕ್ಕೆ, ಈ ವಯಸ್ಸಿಗೆ ಮಾತ್ರ ಅದು ಬೇಡ. ನಡುವೆ ದೊಡ್ಡವರ ದಿಂಬು, ರಗ್ಗು, ಇಬ್ಬರು ದಣಿದ ದೊಡ್ಡವರು. ಅದರ ಬದಲು ಒಂದು ತೊಟ್ಟಿಲು ನಿಮ್ಮ ಮಗ್ಗುಲಿಗೆ ತಾಗಿಕೊಂಡಿರಲಿ, ಕೈ ಚಾಚಿದರೆ ಸಿಗುವ ಹಾಗೆ. ಇನ್ನೊಂದು ಗಂಡನ ಮಗ್ಗುಲಿಗೆ. ಹೌದು, ಗಂಡನ ಮಗ್ಗುಲಿಗೆ.

ಹಾಲು ಕುಡಿಸೋದೂ ಆ ಮಂಚದ ಮೇಲೇ ಆಗಲಿ. ಕೂರುವ ಮೊದಲು ದಿಂಬು, ಹೊದಿಕೆ ಎಲ್ಲ ತೆಗೆದು ಆಚೆ ಇಡಿ. ಅಕಸ್ಮಾತ್ ಕಣ್ಣು ಹತ್ತಿದರೂ ಸೋಫಾಗಿಂತ ಇಲ್ಲಿ ಅಪಾಯ ಕಡಿಮೆ. ಎಚ್ಚರವಾದ ತಕ್ಷಣ ಮಗುವನ್ನು ತೊಟ್ಟಿಲಿಗೆ ಹಾಕಿ. ಒಂದು ಎದ್ದರೆ ಇನ್ನೊಂದನ್ನೂ ಎಬ್ಬಿಸಿ ಕುಡಿಸಿಬಿಡಿ. ಇಲ್ಲದಿದ್ದರೆ ಒಂದು ಮಲಗೋ ಹೊತ್ತಿಗೆ ಇನ್ನೊಂದು ಶುರು ಮಾಡುತ್ತೆ, ನಿಮಗೆ ರಾತ್ರಿಯೇ ಇರಲ್ಲ.

ತೊಟ್ಟಿಲಿನ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ತಳ ಸಪಾಟಾಗಿರಬೇಕು, ಹಾಸಿಗೆ ಗಟ್ಟಿಯಾಗಿರಬೇಕು. ಒತ್ತಿದರೆ ಮಗುವಿನ ತಲೆಯಷ್ಟು ಗುಳಿ ಬೀಳಬಾರದು. ಹಾಸಿಗೆಗೂ ಅಂಚಿಗೂ ನಡುವೆ ಎರಡು ಬೆರಳಿಗಿಂತ ಜಾಸ್ತಿ ಸಂದಿ ಬೇಡ. ಒಳಗೆ ಬಿಗಿಯಾಗಿ ಹಾಸಿದ ಬಟ್ಟೆ ಮತ್ತು ಮಗು, ಅಷ್ಟೇ. ದಿಂಬು ಬೇಡ, ಗೊಂಬೆ ಬೇಡ, ಸಡಿಲ ಹೊದಿಕೆ ಬೇಡ. ಪ್ರತಿ ಸಲವೂ ಅಂಗಾತವಾಗಿಯೇ ಮಲಗಿಸಿ, ಹಗಲ ನಿದ್ದೆಗೂ. ಅಮೆರಿಕದ ತಜ್ಞರು 1992ರಲ್ಲಿ ಬೋರಲು ಮಲಗಿಸೋದು ಬಿಡಿ ಅಂದರು, 1994ರಲ್ಲಿ ದೇಶದ ತುಂಬ ಪ್ರಚಾರ ನಡೆಯಿತು. ಆ ದಶಕ ಮುಗಿಯುವ ಹೊತ್ತಿಗೆ ಕಾರಣ ತಿಳಿಯದ ಶಿಶು ಸಾವುಗಳು ಅಲ್ಲಿ ಸುಮಾರು ಅರ್ಧಕ್ಕಿಳಿದಿದ್ದವು. ಅಷ್ಟು ಸರಳ ಕೆಲಸ, ಅಷ್ಟು ದೊಡ್ಡ ವ್ಯತ್ಯಾಸ.

ಇನ್ನು ಪಕ್ಕದ ಕೋಣೆ ವಾದ. ಆರು ವಾರದ ಮಗುವಿಗೆ ಅಭ್ಯಾಸ ಕಲಿಸೋದು ಅನ್ನೋದೆಲ್ಲ ಸುಮ್ನೆ. ಅದಕ್ಕೆ ಹಗಲು ರಾತ್ರಿಯ ವ್ಯತ್ಯಾಸವೇ ಇನ್ನೂ ಸರಿಯಾಗಿ ಗೊತ್ತಿಲ್ಲ. ಒಂದು ಅತ್ತರೆ ಇನ್ನೊಂದು ಏಳುತ್ತೆ ಅನ್ನೋ ಭಯವೂ ಅಷ್ಟು ಬೇಡ. ಅವಳಿಗಳು ಒಬ್ಬರ ಸದ್ದಿಗೆ ಒಬ್ಬರು ಬೇಗ ಒಗ್ಗಿಕೊಳ್ಳುತ್ತಾರೆ. ಇನ್ನೊಂದು ವಿಷಯ ಗಮನಿಸಿ. ಎಳೆ ಮಕ್ಕಳ ನಿದ್ದೆಯಲ್ಲಿ ಹೆಚ್ಚು ಕಡಿಮೆ ಅರ್ಧ ಭಾಗ ಹಗುರ ನಿದ್ದೆ. ಆಗ ಮುಲುಕುತ್ತವೆ, ಮುಖ ಕಿವುಚುತ್ತವೆ, ಕೈಕಾಲು ಜಾಡಿಸುತ್ತವೆ, ಕುಂಯ್ ಅನ್ನುತ್ತವೆ. ಎದ್ದಿರಲ್ಲ. ಸದ್ದು ಕೇಳಿದ ಕೂಡಲೇ ಎತ್ತಿಕೊಂಡು ಹಾಲ್‌ಗೆ ಓಡಿದರೆ ನಿದ್ದೆಯಲ್ಲಿದ್ದ ಮಗುವನ್ನು ನೀವೇ ಎಬ್ಬಿಸಿದ ಹಾಗೆ. ಸ್ವಲ್ಪ ಹೊತ್ತು ಸುಮ್ಮನಿದ್ದು ನೋಡಿ.

ಗಂಡನಿಗೆ ಈ ಪುಟವನ್ನು ಓದಲು ಕೊಡಿ. ಸ್ವಾಮಿ, ‘ಹಾಲು ಕುಡಿಸೋಕೆ ನನ್ನಿಂದಾಗಲ್ಲವಲ್ಲ’ ಅಂದಿದ್ದೀರಂತೆ. ಹಿಂಡಿಟ್ಟ ಹಾಲನ್ನು ಬಾಟಲಿಯಲ್ಲಿ ಕೊಡುವ ಅಭ್ಯಾಸ ಮನೆಯಲ್ಲಿ ಇದೆ ಅಂತ ಪತ್ರದಲ್ಲೇ ಇದೆ. ರಾತ್ರಿ ಒಂಬತ್ತರಿಂದ ಒಂದರವರೆಗೆ ಎರಡೂ ಮಕ್ಕಳು ನಿಮ್ಮವು. ಆ ನಾಲ್ಕು ಗಂಟೆ ಹೆಂಡತಿ ಒಂದೇ ಸಮ ಮಲಗಲಿ. ಒಂದರಿಂದ ಐದರವರೆಗೆ ಅವರದ್ದು. ಆಗಲೂ ಹಾಲು ಕುಡಿದು ಮುಗಿಸಿದ ಮಗುವಿಗೆ ತೇಗು ಬರಿಸಿ, ಬಟ್ಟೆ ಬದಲಿಸಿ, ತೊಟ್ಟಿಲಿಗೆ ಹಾಕುವ ಕೆಲಸ ನಿಮ್ಮದು. ನಿದ್ದೆ ಕೆಡುತ್ತೆ, ನಿಜ. ಬೆಳಿಗ್ಗೆ ಕೆಲಸ ಇದೆ, ಅದೂ ನಿಜ. ಅವರಿಗೂ ಬೆಳಿಗ್ಗೆ ಕೆಲಸ ಇದೆ, ಎರಡು ಮಕ್ಕಳ ಕೆಲಸ.

ಅಮ್ಮಾ, ಕೊನೆಗೆ ಒಂದು ಸಾಲು ಸೇರಿಸಿದ್ದೀರಿ. ಬೇರೆ ಬೇರೆ ಮಲಗಿಸಿದರೆ ಇಬ್ಬರ ನಂಟು ಕಡಿಮೆ ಆಗುತ್ತಾ ಅಂತ. ಹಗಲು ಎಚ್ಚರವಿದ್ದಾಗ ಇಬ್ಬರನ್ನೂ ಒಂದೇ ಚಾಪೆ ಮೇಲೆ, ನಿಮ್ಮ ಎದುರಿಗೆ, ಬೋರಲು ಹಾಕಿ. ಕುತ್ತಿಗೆ ಬಲ ಬರುತ್ತೆ, ತಲೆ ಹಿಂಭಾಗ ಚಪ್ಪಟೆ ಆಗೋದೂ ತಪ್ಪುತ್ತೆ, ಮುಖವೂ ಕಾಣುತ್ತೆ. ಕೂದಲು ಹಿಡಿದು ಎಳೆದಾಡೋಕೆ ಅವಕ್ಕೆ ಮುಂದೆ ಬೇಕಾದಷ್ಟು ಕಾಲ ಇದೆ.

ಮೇಜಿನ ವಿಷಯ ಮುಂದಿನ ವಾರಕ್ಕೆ ಹಾಕಬೇಡಿ. ಒಬ್ಬರಿಂದ ಎತ್ತೋಕಾಗಲ್ಲ ಅಂದರೆ ಡ್ರಾಯರ್‌ಗಳನ್ನು ಮೊದಲು ಹೊರಗೆ ತೆಗೆದುಕೊಂಡರೆ ಹಗುರ ಆಗುತ್ತೆ. ನೀವು ಮಾತ್ರ ಎತ್ತಬೇಡಿ.