ಸಪ್ಲೈ ಹಾಳಾಗಿರಲಿಕ್ಕಿಲ್ಲ, ಮೊದಲು ಹಸಿರು ವೈರ್ ನೋಡಿ

ಮಿನಿ ಪಿಸಿಯ ಹೊರಗೆ ಗ್ರಾಫಿಕ್ಸ್ ಕಾರ್ಡ್ ಜೋಡಿಸಿದ್ದೀರಿ, ಅದಕ್ಕೆಂದು ಇಟ್ಟ ಎಟಿಎಕ್ಸ್ (ಡೆಸ್ಕ್‌ಟಾಪ್ ಪಿಸಿಯ) ಪವರ್ ಸಪ್ಲೈ ಸ್ವಿಚ್ ಹಾಕಿದರೂ ಆನ್ ಆಗುತ್ತಿಲ್ಲ ಅಂದಿದ್ದೀರಿ. ಅದು ತಾನಾಗಿ ಆನ್ ಆಗುವುದಿಲ್ಲ. ಸಾಮಾನ್ಯವಾಗಿ ಮದರ್‌ಬೋರ್ಡ್ ಅದಕ್ಕೆ ಸೂಚನೆ ಕೊಡುತ್ತದೆ. ಇಲ್ಲಿ ಅದು ಮದರ್‌ಬೋರ್ಡಿಗೆ ಸೇರಿಲ್ಲ, ಹಾಗಾಗಿ ಆ ಸೂಚನೆ ನಾವೇ ಕೊಡಬೇಕು: ಸಪ್ಲೈನ 24 ಪಿನ್ ಕನೆಕ್ಟರಿನ 16ನೇ ಪಿನ್, ಅಂದರೆ ಹಸಿರು ವೈರನ್ನು ಪಕ್ಕದ ಕಪ್ಪು ವೈರಿಗೆ ಸೇರಿಸಬೇಕು. ಕೆಲವು ಸಪ್ಲೈಗಳಲ್ಲಿ ಎಲ್ಲ ವೈರೂ ಕಪ್ಪೇ ಇರುತ್ತವೆ, ಆಗ ಪಿನ್ ಎಣಿಸಿಯೇ ನೋಡಿ. ಗೋಡೆಯ ಪ್ಲಗ್ ಕಿತ್ತಿಟ್ಟು ಈ ಕೆಲಸ ಮಾಡಿ. ಬರಿ ತಂತಿ ಸಿಕ್ಕಿಸಿ ಬಿಡುವ ಬದಲು ಆ ಎರಡು ಪಿನ್ ಸೇರಿಸಲೆಂದೇ ಸಿಗುವ ಜಂಪರ್ ಹಾಕಿದರೆ ನನಗೆ ನೆಮ್ಮದಿ.

ನಿಜವಾದ ಅಪಾಯ ಬೇರೆ ಕಡೆ ಇದೆ. ಸಿಪಿಯುವಿಗೆ ಕರೆಂಟ್ ಕೊಡುವ 8 ಪಿನ್ ಕನೆಕ್ಟರ್ ಮತ್ತು ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಕನೆಕ್ಟರ್ ನೋಡಲು ಒಂದೇ ತರ, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು. ಒತ್ತಿ ತುರುಕಬೇಡಿ, ದಯವಿಟ್ಟು. ಬೇರೆ ಸಪ್ಲೈನ ಮಾಡ್ಯುಲರ್ (ಬಿಚ್ಚಿ ಹಾಕಬಹುದಾದ) ಕೇಬಲ್ಲೂ ಬೇಡ, ಸಪ್ಲೈಗೆ ಸಿಕ್ಕಿಸುವ ತುದಿಯ ಪಿನ್ ಜೋಡಣೆ ಬೇರೆ ಇರಬಹುದು.

ಸ್ಲಾಟ್‌ನಿಂದ ಕಾರ್ಡ್ 75 ವಾಟ್‌ವರೆಗೆ ಎಳೆಯಬಹುದು. ಹಾಗಾಗಿ ರೈಸರಿಗೆ (ಕಾರ್ಡನ್ನು ಪಿಸಿಯ ಹೊರಗೆ ಜೋಡಿಸುವ ಸ್ಲಾಟ್ ಬೋರ್ಡ್) ಸಾಟಾ, ಅಂದರೆ ಹಾರ್ಡ್ ಡಿಸ್ಕಿಗೆ ಹಾಕುವ ಕನೆಕ್ಟರಿನ ಅಡಾಪ್ಟರಿನಿಂದ ಕರೆಂಟ್ ಕೊಡಬೇಡಿ. ಸಾಟಾ ಕನೆಕ್ಟರಿನ 12 ವೋಲ್ಟ್ ಮಿತಿ ಸುಮಾರು 54 ವಾಟ್, ಅದಕ್ಕಿಂತ ಹೆಚ್ಚು ಎಳೆದರೆ ಪ್ಲಾಸ್ಟಿಕ್ ಕರಗಬಹುದು.

ಮೊದಲು ಸಪ್ಲೈ ಆನ್ ಮಾಡಿ, ಆಮೇಲೆ ಪಿಸಿ. ನಿಮ್ಮ ರೈಸರ್ ಯಾವುದು, ಫೋಟೋ ಹಾಕ್ತೀರಾ?