ಆ ಅಜ್ಜಿಯ ಹೆಸರೇನು?

ಸೋಮೇಶ್ವರ ಉಚ್ಚಿಲದ ಕಡಲ್ಕೊರೆತದ 12 ಫೋಟೋ ಕಳಿಸಿ, "ಇದರಿಂದ ಅಲ್ಲಿಯವರಿಗೆ ನ್ಯಾಯ ಸಿಗುತ್ತಾ, ಇಲ್ಲ ನನಗೊಂದು ಬಹುಮಾನ ಅಷ್ಟೇನಾ?" ಎಂದು ಕೇಳಿದ ಉಡುಪಿಯ ವಿದ್ಯಾರ್ಥಿಗೆ,

ಏಳನೇ ಫೋಟೋವನ್ನು ತುಂಬಾ ಹೊತ್ತು ನೋಡಿದೆ. ಅಡುಗೆಮನೆಯ ಅರ್ಧ ಕಡಲಿಗೆ ಹೋಗಿದೆ. ಉಳಿದ ಗೋಡೆಯ ಮೊಳೆಯಲ್ಲಿ ಕ್ಯಾಲೆಂಡರ್ ಹಾಗೇ ತೂಗುತ್ತಿದೆ, ಜೂನ್ ಹಾಳೆಯಲ್ಲಿ ಹಾಲಿನ ಲೆಕ್ಕ ಬರೆದಿದೆ. ಎದುರಿಗೆ ಒಬ್ಬರು ಅಜ್ಜಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಕೆಳಗೆ ನೀವು "ಸಂತ್ರಸ್ತ ಮಹಿಳೆ" ಅಂತ ಬರೆದಿದ್ದೀರಿ. ಅವರ ಹೆಸರು ಕೇಳಿದಿರಾ? ಪತ್ರಿಕೆಗೆ ಕಳಿಸುತ್ತೇನೆ ಅಂತ ಹೇಳಿದಿರಾ?

ಅಮೆರಿಕದ ಪತ್ರಿಕಾ ಛಾಯಾಗ್ರಾಹಕ ಯೂಜೀನ್ ಸ್ಮಿತ್ 1971ರಲ್ಲಿ ಪತ್ನಿ ಐಲೀನ್ ಜೊತೆ ಜಪಾನಿನ ಮಿನಮಾಟಕ್ಕೆ ಹೋದರು. ಕಾರ್ಖಾನೆ ಕಡಲಿಗೆ ಬಿಟ್ಟ ಪಾದರಸ ಮೀನಿಗೆ ಸೇರಿ, ಮೀನಿನಿಂದ ಜನರ ಮೈಗೆ ಸೇರಿದ ಊರು ಅದು. ಸುಮಾರು ಮೂರು ವರ್ಷ ಅಲ್ಲೇ ಇದ್ದರು. ಹುಟ್ಟುವಾಗಲೇ ವಿಷ ತಗಲಿದ್ದ ಮಗಳಿಗೆ ತಾಯಿ ಸ್ನಾನ ಮಾಡಿಸುವ ಫೋಟೋ ಜಗತ್ತೇ ನೋಡಿತು. 1973ರಲ್ಲಿ ಕೋರ್ಟಿನಲ್ಲಿ ರೋಗಿಗಳು ಗೆದ್ದರು. ಆ ಕೇಸು ಹಾಕಿದ್ದು, ವರ್ಷಗಟ್ಟಲೆ ಓಡಾಡಿದ್ದು ಊರಿನವರು. ಫೋಟೋ ಅವರ ಜೊತೆ ನಿಂತಿತು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಮುಂದೆ ಮಗಳು ತೀರಿಕೊಂಡು, ಹೆತ್ತವರಿಗೆ ಆ ಚಿತ್ರ ಮತ್ತೆ ಮತ್ತೆ ನೋಡುವುದು ಕಷ್ಟವಾದಾಗ, ಅದನ್ನು ಏನು ಮಾಡಬೇಕೆಂಬ ನಿರ್ಧಾರವನ್ನು 1998ರಲ್ಲಿ ಐಲೀನ್ ಆ ಹೆತ್ತವರಿಗೇ ಬಿಟ್ಟುಕೊಟ್ಟರು. ಅಷ್ಟು ಹೆಸರಾದ ಚಿತ್ರ, ಆದರೂ.

ಇನ್ನೊಂದು ಮಾತು. ನೀವು ಹೋದದ್ದು ಒಂದೇ ದಿನ, ಅದೂ ಜೋರು ಮಳೆಯಲ್ಲಿ. ಮಳೆಗಾಲದ ಅಲೆ ಮರಳು ಎಳೆದೊಯ್ಯುತ್ತದೆ, ಕಡಲು ಶಾಂತವಾದ ಮೇಲೆ ಅದರಲ್ಲಿ ಬಹುಪಾಲು ವಾಪಸ್ ಬರುತ್ತದೆ. ಬಾರದೇ ಹೋದರೆ ಯಾಕೆ ಅಂತ ಕೇಳಬೇಕು, ಯಾಕೆಂದರೆ ನದಿ ಕಡಲು ಸೇರುವ ಅಳಿವೆ ಬಾಗಿಲಿನಲ್ಲೋ ದಡದಲ್ಲೋ ಕಲ್ಲಿನ ತಡೆಗೋಡೆ ಕಟ್ಟಿದರೆ ಮರಳಿನ ಓಡಾಟ ತಪ್ಪಿ, ಒಂದು ಕಡೆ ದಡ ಬೆಳೆದು ಇನ್ನೊಂದು ಕಡೆ ಕೊರೆಯುವುದುಂಟು. ಅದು ಒಂದು ಫೋಟೋದಲ್ಲಿ ಕಾಣುವುದಿಲ್ಲ. ಅದೇ ಮನೆಯ ಮೂಲೆಯಲ್ಲಿ ನಿಂತು, ಅದೇ ತೆಂಗಿನಮರ ಫ್ರೇಮಿನೊಳಗೆ ಬರುವ ಹಾಗೆ, ತಿಂಗಳಿಗೊಂದು ತೆಗೆಯಿರಿ. ತಾರೀಕು, ಗಂಟೆ, ಉಬ್ಬರವೋ ಇಳಿತವೋ ಬರೆದಿಡಿ. ಪರಿಹಾರಕ್ಕೆ ಅರ್ಜಿ ಹಾಕುವಾಗ ಆ ಮನೆಯವರಿಗೆ ಅಳುವ ಮುಖಕ್ಕಿಂತ ಇದು ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಅವರಿಗೂ ಒಂದು ಪ್ರತಿ ಕೊಡಿ.

ಏಳನೇ ಫೋಟೋ ಈ ಸಂಚಿಕೆಯಲ್ಲಿ ಹಾಕಿಲ್ಲ, ಬೇಸರ ಮಾಡಬೇಡಿ. ಪ್ರಿಂಟ್ ಹಾಕಿಸಿ ಅಜ್ಜಿಗೆ ಕೊಟ್ಟು, ಸ್ವಲ್ಪ ಹೊತ್ತು ಕೂತು ಮಾತಾಡಿ ಬನ್ನಿ. ಅವರು ಆಗಲಿ ಅಂದರೆ, ಅವರಿಗೆ ಒಪ್ಪಿಗೆಯಿದ್ದರೆ ಹೆಸರು ಹಾಕಿಯೇ ಪ್ರಕಟಿಸೋಣ. ಬೇಡ ಅಂದರೆ ಆ ಕ್ಯಾಲೆಂಡರಿನ ಗೋಡೆಯನ್ನಷ್ಟೇ ಕೇಳಿ ತೆಗೆದು ಕಳಿಸಿ, ಪುಟ ಕಾದಿಡುತ್ತೇನೆ.

ಸಂಪಾದಕ, ಮಂಗಳೂರು